ಬಿ.ಎ. ಪಾಸಾದವನು ಓಡಿದ್ದು

ರಸ್ತೆಯಲ್ಲಿ ಯಾರಾದರೂ ಓಡುತ್ತಿರುವುದು ಕಂಡರೆ ನಾನು ಮೊದಲು ಅವರ ಬೆನ್ನ ಹಿಂದೆ ನೋಡುತ್ತೇನೆ. ನಾಯಿ ಅಟ್ಟಿಸಿಕೊಂಡು ಬರುತ್ತಿದೆಯೋ, ಪೊಲೀಸರೋ ಎಂದು. ಹಿಂದೆ ಯಾರೂ ಇಲ್ಲದಿದ್ದರೆ ಮುಂದೆ ನೋಡುತ್ತೇನೆ. ಬಸ್ಸು ಹೊರಟಿರಬೇಕು. ಹಿಂದೆಯೂ ಮುಂದೆಯೂ ಏನೂ ಇಲ್ಲದೆ, ಬುದ್ಧಿ ನೆಟ್ಟಗಿರುವ ಮನುಷ್ಯನೊಬ್ಬ ಖುಷಿಗೆಂದು ಓಡಬಹುದು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಹಾಗೆ ಓಡಿದವರಲ್ಲಿ ನಾನೂ ಒಬ್ಬ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡರೆ ಜರಗನಹಳ್ಳಿಯವರು ಯಾರಾದರೂ ಹೇಳಿಯೇ ಹೇಳುತ್ತಾರೆ.

ನಾವು ಜರಗನಹಳ್ಳಿಯವರು. ನಮ್ಮವ್ವ ಜಯನಗರದಲ್ಲಿ ಸೊಪ್ಪು ಮಾರುತ್ತಿದ್ದಳು. ಬೆಳಗಿನ ಮೊದಲ ಬಸ್ಸಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ಕನಕಪುರ ರಸ್ತೆಯವರೆಗೆ ಓಡುತ್ತಿದ್ದಳು. ಬುಟ್ಟಿಯನ್ನು ನೋಡಿದ ತಕ್ಷಣ ಕೆಲವು ಕಂಡಕ್ಟರುಗಳು ವಿಷಲ್ ಊದಿಬಿಡುತ್ತಿದ್ದರು. ನಾನು ನಲ್ಲಿಗೆ ನೀರು ಬಂತೆಂದು ಬಿಂದಿಗೆ ಹಿಡಿದು ಓಡುತ್ತಿದ್ದೆ, ಸ್ಕೂಲಿನ ಗಂಟೆ ಹೊಡೆಯಿತೆಂದು ಓಡುತ್ತಿದ್ದೆ, ದೊಡ್ಡವನಾದ ಮೇಲೆ ಹಗಲಿನ ಕೂಲಿ ಕೆಲಸ ಮುಗಿಸಿ ಸಂಜೆ ಕಾಲೇಜಿಗೆ ಓಡುತ್ತಿದ್ದೆ. ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದಲ್ಲಿ ಮುಗಿಸಿದೆ. ನಮ್ಮ ವಂಶದಲ್ಲೇ ಡಿಗ್ರಿ ಪಡೆದ ಮೊದಲನೆಯವನು ನಾನು. ಕೇಳಿದವರಿಗೂ ಕೇಳದವರಿಗೂ ಇದನ್ನು ಹೇಳುವ ಅಭ್ಯಾಸ ನನಗಿದೆ, ಕ್ಷಮಿಸಬೇಕು. ಜಯನಗರದ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿದ ದಿನ ಅವ್ವ ಹೇಳಿದ್ದು ಒಂದೇ ಮಾತು. "ಇನ್ಮೇಲೆ ನೀನು ಓಡ್ಬೇಡ ಮಗ. ಬಸ್ಸು ಹೋದ್ರೆ ಹೋಗ್ಲಿ, ಇನ್ನೊಂದು ಬತ್ತದೆ." ಮರುದಿನದಿಂದ ಅವಳ ಬಾಯಲ್ಲಿ ನಾನು ಗುಮಾಸ್ತನಾಗಿ ಉಳಿಯಲಿಲ್ಲ, ಆಪೀಸರಾದೆ.

ಯೋಚಿಸಿದರೆ ಅವ್ವನ ಮಾತಿಗೆ ಪುರಾಣದ ಬೆಂಬಲವೂ ಇದೆ. ನಮ್ಮ ಕಥೆಗಳಲ್ಲಿ ದೊಡ್ಡವರು ಓಡುವುದಿಲ್ಲ. ಅವರಿಗೆ ರಥವಿದೆ, ಆನೆಯಿದೆ, ಪಲ್ಲಕ್ಕಿಯಿದೆ. ರಾಮ ಒಂದೇ ಒಂದು ಸಲ ಜಿಂಕೆಯ ಹಿಂದೆ ಹೋದ, ಆಮೇಲೆ ಏನಾಯಿತೆಂದು ಎಲ್ಲರಿಗೂ ಗೊತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ ಟಪಾಲಿನ ಚೀಲ ಹೊತ್ತು, ಗೆಜ್ಜೆ ಕಟ್ಟಿದ ಕೋಲು ಹಿಡಿದು ಕಾಡುದಾರಿಯಲ್ಲಿ ಓಡುವ ಅಂಚೆಯವರಿದ್ದರಂತೆ. ಓಡಿದ್ದು ಅವರು, ಕಾಗದ ಓದಿದ್ದು ದೊರೆಗಳು. ಓದು ಬಂದರೆ ಓಟ ನಿಲ್ಲಬೇಕು ಎಂಬುದು ಅವ್ವನ ಲೆಕ್ಕ. ನಾನೂ ಹಾಗೇ ನಂಬಿದ್ದೆ.

ಈ ನಂಬಿಕೆಯನ್ನು ಕೆಡಿಸಿದವರು ನಮ್ಮ ಹೆಡ್ ಕ್ಲರ್ಕ್ ಶ್ರೀಕಂಠಯ್ಯನವರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಚೇರಿಯ ಮನರಂಜನಾ ಸಂಘಕ್ಕೆ ಅವರೇ ಕಾರ್ಯದರ್ಶಿ. ಕೇರಂ ಬೋರ್ಡು ಬಿಟ್ಟರೆ ಸಂಘಕ್ಕೆ ಬೇರೆ ಆಸ್ತಿಯಿರಲಿಲ್ಲ. ಹೊರದೇಶಗಳಲ್ಲಿ ಜನ ಬೆಟ್ಟ ಕಾಡುಗಳಲ್ಲಿ ಮೈಲಿಗಟ್ಟಲೆ ಸುಮ್ಮನೆ ಓಡುತ್ತಾರೆಂದು ಅವರು ಯಾವುದೋ ಪತ್ರಿಕೆಯಲ್ಲಿ ಓದಿದರು. ಒಂದು ಭಾನುವಾರ ಬೆಳಿಗ್ಗೆ ಜಯನಗರದಿಂದ ಹೊರಟು, ಜರಗನಹಳ್ಳಿ ಹಾದು, ಕೆರೆಯ ಏರಿಯ ಮೇಲೆ ಸಾಗಿ, ರಾಗಿ ಹೊಲ, ಲಂಟಾನ ಪೊದೆಗಳ ನಡುವೆ ತುರಹಳ್ಳಿ ಗುಡ್ಡ ಹತ್ತಿ ವಾಪಸ್ ಬರುವುದೆಂದು ನೋಟಿಸ್ ಹಾಕಿದರು. ಅಕ್ಕಪಕ್ಕದ ಕಚೇರಿಗಳಿಗೂ ಆಹ್ವಾನ ಹೋಯಿತು.

"ಬಹುಮಾನ ಏನ್ ಸಾರ್?" ಎಂದು ನಮ್ಮ ಟೈಪಿಸ್ಟ್ ಕೇಳಿದ.

"ಬಹುಮಾನ ಇಲ್ಲ ಕಣ್ರೀ. ಆನಂದ."

"ಅದನ್ನ ಎಲ್ಲಿ ಹಂಚ್ತೀರಾ ಸಾರ್? ಗುಡ್ಡದ ಮೇಲಾ, ಕೆಳಗಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ, ಆಮೇಲೆ ಹೆಸರು ಬರೆಸಿದೆ. ಅಲ್ಲಿಯವರೆಗೆ ನಾನು ಮಾಡಿದ ಪ್ರತಿಯೊಂದು ಕೆಲಸಕ್ಕೂ ಕೊನೆಯಲ್ಲಿ ಒಂದು ಮಾರ್ಕು, ಒಂದು ಸರ್ಟಿಫಿಕೇಟು, ಒಂದು ಸಹಿ ಕಾದಿರುತ್ತಿತ್ತು. ಕೊನೆಯಲ್ಲಿ ಏನೂ ಇಲ್ಲದ ಕೆಲಸವೊಂದನ್ನು ಮಾಡಿ ನೋಡಬೇಕೆನ್ನಿಸಿತು.

ಓಟಕ್ಕೆಂದು ಕೊಂಡ ಚಡ್ಡಿಯನ್ನು ಅವ್ವನಿಗೆ ತೋರಿಸಿದಾಗ ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು.

"ಇದನ್ನ ಹಾಕ್ಕೊಂಡು ಓಡ್ತೀಯಾ? ಪ್ಯಾಂಟಿಗೇನಾಗಿತ್ತು?"

"ಓಡೋರು ಇದೇ ಹಾಕ್ಕೊಳೋದವ್ವ."

"ಏನಾರ ಮಾಡ್ಕೋ. ನಮ್ ಬೀದೀಲಿ ಮಾತ್ರ ಬರ್ಬೇಡ. ಆ ಮುನಿಯಮ್ಮನ ಮುಂದೆ ಇಷ್ಟು ದಿನ ನನ್ ಮಗ ಆಪೀಸರು ಅಂತ ಹೇಳ್ಕೊಂಡು ಬಂದಿವ್ನಿ. ನನ್ ಮಾನ ಉಳ್ಸು."

ಮುನಿಯಮ್ಮ ನಮ್ಮ ಎದುರುಮನೆಯವಳು. ಅವಳಿಗೆ ತಿಳಿದ ಸುದ್ದಿ ಮಧ್ಯಾಹ್ನದೊಳಗೆ ಪಕ್ಕದ ಸಾರಕ್ಕಿ ತಲುಪುತ್ತಿತ್ತು. ನಾನು ಮಾತು ಕೊಟ್ಟೆ. ಶ್ರೀಕಂಠಯ್ಯನವರಿಗೂ ಹೇಳಿ, ಅರಳಿಕಟ್ಟೆಯ ಬಳಿ ನೇರವಾಗಿ ನಮ್ಮ ಬೀದಿಗೆ ನುಗ್ಗದೆ ಎಡಕ್ಕೆ, ಕೆರೆ ಏರಿಯ ಕಡೆಗೆ ತಿರುಗುವಂತೆ ದಾರಿ ಗೊತ್ತುಮಾಡಿಸಿದೆ. "ನಿಮ್ಮೂರಲ್ವೇನ್ರೀ, ಗುರುತು ನೀವೇ ಹಾಕಿಬಿಡಿ" ಎಂದು ಅವರು ಒಂದು ಚೀಲ ರಂಗೋಲಿ ಪುಡಿ ಕೊಟ್ಟರು. ಶನಿವಾರ ಕತ್ತಲಾಗುವ ಹೊತ್ತಿಗೆ ನಾನು ಊರಿನ ತಿರುವುಗಳಲ್ಲೆಲ್ಲ ಮನೆಗಳ ಮುಂದೆ ದಪ್ಪದಪ್ಪ ಬಾಣಗಳನ್ನು ಬಿಡಿಸಿ, ಕೈ ಕೊಡವಿ, ನೆಮ್ಮದಿಯಾಗಿ ಮಲಗಿದೆ.

ಹುಟ್ಟಿದ್ದು ಅದೇ ಊರಿನಲ್ಲಿ. ಬೆಳಗಾದರೆ ಹೆಂಗಸರು ಬಾಗಿಲಿಗೆ ಸಗಣಿ ನೀರು ಹಾಕಿ ಗುಡಿಸುವ ಸದ್ದು ಕೇಳಿಯೇ ಎದ್ದು ಪರೀಕ್ಷೆಗೆ ಓದಿದವನು. ಆದರೂ ಆ ನೀರು, ಪೊರಕೆಗೆ ನನ್ನ ಬಾಣಗಳು ಉಳಿಯುವುದಿಲ್ಲ ಎಂಬುದು ಈ ಬಿ.ಎ. ತಲೆಗೆ ಹೊಳೆಯಲಿಲ್ಲ. ಅದಕ್ಕಿಂತ ಹೆಚ್ಚಿನದು ಆಮೇಲೆ ತಿಳಿಯಿತು. ಕತ್ತಲಲ್ಲೇ ಎದ್ದು ಬಾಗಿಲು ತೆಗೆದ ಮೊದಲನೆಯ ಹೆಂಗಸು ತನ್ನ ಹೊಸಿಲಿನ ಕಡೆಗೆ ಮೊನೆ ಮಾಡಿದ ಬಿಳಿಯ ಗುರುತನ್ನು ಕಂಡು, ಯಾರೋ ಮಾಟ ಮಾಡಿದ್ದಾರೆಂದು ಕೂಗಿಕೊಂಡಳಂತೆ. ಅಷ್ಟೇ. ದಿನಕ್ಕೊಂದು ಚೊಂಬು ಸಗಣಿ ನೀರು ಹಾಕುವವರು ಅಂದು ಬಕೆಟ್ಟುಗಟ್ಟಲೆ ಸುರಿದು, ಪೊರಕೆ ಸವೆಯುವಂತೆ ತಿಕ್ಕಿ, ಅದರ ಮೇಲೆ ಶುಭಕ್ಕಿರಲಿ ಎಂದು ಹಬ್ಬದ ದಿನವೂ ಹಾಕದಷ್ಟು ದೊಡ್ಡ ರಂಗೋಲಿಗಳನ್ನು ಹಾಕಿದರು.

ನಾನು ಆ ಹೊತ್ತಿಗೆ ಜಯನಗರದಲ್ಲಿದ್ದೆ. ಮೂವತ್ತು ಜನ ಹೊರಟೆವು. ತಣ್ಣನೆಯ ಗಾಳಿ, ಜೆ.ಪಿ. ನಗರದಲ್ಲಿ ಮನೆ ಏಳದ ಸೈಟುಗಳ ನಡುವೆ ನೆಟ್ಟ ಕಲ್ಲುಗಳು, ದೂರದಲ್ಲಿ ಗುಡ್ಡದ ನೀಲಿ ಬೆನ್ನು. ಯಾರೂ ಕಾಯದ, ಯಾವುದಕ್ಕೂ ತಡವಾಗದ ಓಟ ಎಷ್ಟು ಹಗುರವಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಎಲ್ಲರಿಗಿಂತ ಹಿಂದೆ ಉಳಿದಿದ್ದೆ, ಅದೂ ಹಗುರವಾಗಿಯೇ ಇತ್ತು.

ಅರಳಿಕಟ್ಟೆ ತಲುಪಿದಾಗ ಅಲ್ಲಿ ಒಬ್ಬರೂ ಇರಲಿಲ್ಲ. ಬಾಣವೂ ಇರಲಿಲ್ಲ. ನಮ್ಮ ಬೀದಿಯೊಳಗಿಂದ ಗಲಾಟೆ ಕೇಳಿಸಿತು. ಇಣುಕಿದರೆ, ನನ್ನ ಮುಂದಿದ್ದವರೆಲ್ಲ ಅಲ್ಲೇ ಇದ್ದಾರೆ! ಗುರುತು ಬಿಳಿಯ ಪುಡಿಯಲ್ಲಿರುತ್ತದೆಂದು ಹೇಳಿದ್ದರಲ್ಲ, ಅತಿ ದೊಡ್ಡ ರಂಗೋಲಿಯನ್ನು ನಂಬಿ ನುಗ್ಗಿದ್ದಾರೆ. ಬೀದಿಯ ಕೊನೆಯಲ್ಲಿರುವುದು ದನದ ಕೊಟ್ಟಿಗೆ. ಎದೆಗೆ ನಂಬರು ಚುಚ್ಚಿಕೊಂಡ ಇಪ್ಪತ್ತೊಂಬತ್ತು ಜನ ಕೊಟ್ಟಿಗೆಯ ಮುಂದೆ ಏದುಸಿರು ಬಿಡುತ್ತ ನಿಂತಿದ್ದರು. ಹೆಂಗಸರು ಪೊರಕೆ ಹಿಡಿದು ಎರಡೂ ಕಡೆ ನಿಂತಿದ್ದರು. ಮಾಟ ಮಾಡಿದವರು ಇವರೇ ಎಂಬ ಅನುಮಾನ ಆಗಲೇ ಕೆಲವರ ಮುಖದಲ್ಲಿತ್ತು.

ನಿಮ್ಮ ಹತ್ತಿರ ಸುಳ್ಳು ಹೇಳುವುದಿಲ್ಲ. ಎಡಕ್ಕೆ ತಿರುಗಿ ಒಬ್ಬನೇ ಹೊರಟುಬಿಡೋಣವೆನ್ನಿಸಿತು. ಕೊಟ್ಟ ಮಾತೂ ಉಳಿಯುತ್ತಿತ್ತು, ಜೀವನದಲ್ಲಿ ಮೊದಲ ಸಲ ಒಂದು ಪಂದ್ಯದಲ್ಲಿ ಮುಂದೆಯೂ ಇರುತ್ತಿದ್ದೆ. ಆದರೆ ದಾರಿ ಗೊತ್ತಿದ್ದವನು ನಾನೊಬ್ಬನೇ, ತಪ್ಪಿಸಿದವನೂ ನಾನೇ. ಚಡ್ಡಿಯನ್ನು ಆದಷ್ಟು ಕೆಳಕ್ಕೆಳೆದುಕೊಂಡು ನಮ್ಮ ಬೀದಿಯೊಳಗೆ ಓಡಿದೆ.

"ಈ ಕಡೆ ಬನ್ನಿ ಸಾರ್! ಕೆರೆ ಏರಿ ಈ ಕಡೆ!"

ಇಡೀ ಬೀದಿ ತಿರುಗಿತು. ನಮ್ಮ ಬಾಗಿಲಲ್ಲಿ ಅವ್ವ ಸೊಪ್ಪಿನ ಕಟ್ಟು ಕಟ್ಟುತ್ತ ಕುಳಿತಿದ್ದಳು. ನನ್ನನ್ನು ನೋಡಿದಳು, ನನ್ನ ಮಂಡಿಗಳನ್ನು ನೋಡಿದಳು, ತಲೆ ತಗ್ಗಿಸಿ ಮತ್ತೆ ಕಟ್ಟು ಕಟ್ಟತೊಡಗಿದಳು. ಮೇಷ್ಟರ ಮುಂದೆ ನಪಾಸಾಗಿ ನಿಂತಾಗಲೂ ನನಗೆ ಅಷ್ಟು ಸಂಕಟವಾಗಿರಲಿಲ್ಲ.

ಮುನಿಯಮ್ಮ ಬಿಡುತ್ತಾಳೆಯೇ? "ಇದೇನಕ್ಕಾ, ನಿನ್ ಮಗ ಆಪೀಸರು ಚಡ್ಡೀಲವ್ನೆ! ಯಾರು ಓಡ್ಸ್ಕೊಂಡ್ ಬಂದ್ರು?"

"ಯಾರೂ ಇಲ್ಲ."

"ಮತ್ತೆ? ಗೆದ್ರೆ ಏನ್ ಕೊಡ್ತಾರೆ?"

"ಏನೂ ಕೊಡಕಿಲ್ಲ."

"ಏನೂ ಕೊಡ್ದಿದ್ರೆ ಯಾಕ್ ಓಡ್ತಾನೆ?"

ಅವ್ವ ಕಟ್ಟು ಕೆಳಗಿಟ್ಟು ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. "ನಾನೂ ನೀನೂ ಓಡೋದು ಹೊಟ್ಟೆಗೆ ಕಣೇ. ಅವನ್ಗೇನಾಗ್ಬೇಕಾಗೈತೆ? ಓದವ್ನೆ, ಕೆಲ್ಸ ಐತೆ, ತಿಂಗಳಾದ್ರೆ ಸಂಬಳ ಬತ್ತದೆ. ಅವನು ಸುಮ್ನೆ ಓಡ್ತಾನೆ!"

ಆ 'ಸುಮ್ನೆ'ಯನ್ನು ಅವಳು ಹೇಳಿದ ರೀತಿಯನ್ನು ನೀವು ಕೇಳಬೇಕಿತ್ತು. ಜನ ತಮ್ಮ ಮಕ್ಕಳಿಗೆ ಕಾರು ಬಂಗಲೆ ಇದೆ ಎನ್ನುವಾಗಲೂ ಅಷ್ಟು ಗತ್ತಿನಿಂದ ಹೇಳುವುದಿಲ್ಲ. ನಾನು ಅಲ್ಲೇ ನಿಂತುಬಿಟ್ಟಿದ್ದೆ.

"ಇನ್ನೆಷ್ಟು ದೂರ ಐತೋ?" ಅವ್ವ ಕೇಳಿದಳು.

"ತುರಹಳ್ಳಿ ಗುಡ್ಡ ಹತ್ತಿ ವಾಪಸ್ ಜಯನಗರಕ್ಕೆ."

"ಅಯ್ಯೋ, ಅಷ್ಟು ದೂರವಾ! ನಿಂತ್ಕೊಂಡ್ ಏನ್ ನೋಡ್ತೀಯ, ಅವ್ರೆಲ್ಲ ಹೋದ್ರು ನೋಡು!"

ನಿಜ, ನಾನು ದಾರಿ ತೋರಿಸಿದವರೆಲ್ಲ ನನ್ನನ್ನು ಬಿಟ್ಟು ಕೆರೆ ಏರಿ ಹಿಡಿದಿದ್ದರು. ಗುಡ್ಡ ಹತ್ತಿದವರಲ್ಲಿ ನಾನೇ ಕೊನೆಯವನು. ಆದರೆ ಆನಂದವನ್ನು ಗುಡ್ಡದ ಮೇಲೆ ಹಂಚಿದರೋ ಕೆಳಗೋ ಎಂದು ಸೋಮವಾರ ಟೈಪಿಸ್ಟ್ ಕೇಳಿದಾಗ, ನಮ್ಮ ಬೀದಿಯಲ್ಲೇ ಹಂಚಿಬಿಟ್ಟರು ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಡಿಗ್ರಿಯಿಂದ ಏನು ಬಂತೆಂದು ಯಾರಾದರೂ ಕೇಳಿದರೆ ಕೆಲಸ ಬಂತು, ಸಂಬಳ ಬಂತು ಎಂದು ಹೇಳುತ್ತಿದ್ದೆ. ಒಂದು ಬೆಳಗನ್ನು ಯಾವ ಕಾರಣವೂ ಇಲ್ಲದೆ ಕಳೆಯುವ ಹಕ್ಕೂ ಬಂತೆಂದು ನನಗೆ ತಿಳಿಸಿಕೊಟ್ಟವಳು ಒಂದಕ್ಷರ ಓದದ ಅವ್ವ. ಮುಂದಿನ ವರ್ಷ ಓಟದ ನೋಟಿಸ್ ಬಂದಾಗ, ಈ ಸಲವೂ ಕೆರೆಯ ಕಡೆಯಿಂದಲೇ ಹೋಗುತ್ತೇವೆಂದು ಅವಳಿಗೆ ಹೇಳಿದೆ.

"ಕೆರೆ ಹತ್ರ ಯಾರವ್ರೆ ನೋಡಕ್ಕೆ?" ಎಂದಳು ಅವ್ವ. "ಬೀದೀಲೇ ಬಾ. ಎಷ್ಟೊತ್ತಿಗೆ ಬತ್ತೀಯ ಅಂತ ಮಾತ್ರ ಮುಂಚೇನೇ ಹೇಳು. ನಾನು ನಾಲ್ಕು ಜನಕ್ಕೆ ಹೇಳ್ಬೇಕು."