ಬೂದು ಬಾಗಿಲಿನ ಮೇಲಿನ ಹನಿ

ಬೆಳಗಾವಿಯಿಂದ ಬೆಳಗಿನ ಆರರ ಬಸ್ಸಿಗೆ ಹೊರಟೆ. ಪುಣೆಯಿಂದ ಅಕ್ಕ ಮೂರು ಸಲ ಫೋನ್ ಮಾಡಿದ್ದಳು. "ತಮ್ಮಾ, ನೀ ಡ್ರಾಯಿಂಗ್ ಮಾಸ್ತರ ಇದ್ದಿ. ನಿಮ್ಮ ಮಾಮಾ ಬರೇ ಬೂದು ಬಣ್ಣ ಬಳದು ಇಟ್ಟಾರ. ಅದನ್ನ ಯಾರೋ ಪ್ರದರ್ಶನಕ್ಕ ಇಡ್ತಾರಂತ. ನನಗ್ಯಾಕೋ ಖರೇ ಅನಸವಲ್ದು. ಬಂದು ನೋಡು."

ಅಕ್ಕನ ಗಂಡ, ನಮ್ಮ ಮಾಮಾ, ಪುಣೆ ಹತ್ತಿರದ ಚಾಕಣದ ಕಾರು ಕಾರ್ಖಾನೆಯಲ್ಲಿ ಬಣ್ಣ ತಪಾಸಣೆ ಮಾಡಿ ನಿವೃತ್ತರಾದವರು. ಅವರು ಕುಂಚ ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಸಾತಾರದಲ್ಲಿ ಮಿಸಳ ತಿಂದು, ಖಂಬಾಟಕಿ ಸುರಂಗದ ಮುಂದೆ ಲಾರಿಗಳ ಹಿಂದೆ ತಾಸುಗಟ್ಟಲೆ ನಿಂತು, ಪುಣೆಯ ಸ್ವಾರಗೇಟ ನಿಲ್ದಾಣ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ಬಿಸಿಲು ಚುರುಗುಟ್ಟುತ್ತಿತ್ತು. ದಾರಿಯುದ್ದಕ್ಕೂ ನನಗೆ ಒಂದೇ ಗುಮಾನಿ: ಈ ಸಾಧು ಮನುಷ್ಯನನ್ನು ಯಾರೋ ಆಡಿಸುತ್ತಿದ್ದಾರೆ.

ಊರೊಳಗಿನ ಡೆಕ್ಕನ್ ಬಡಾವಣೆಯ ಸಣ್ಣ ಸಭಾಂಗಣಕ್ಕೆ ಹೋದೆ; ಅಕ್ಕ, ಮಾಮಾ ಆಗಲೇ ಅಲ್ಲಿದ್ದರು. ಗೋಡೆಯ ಮೇಲೆ ಹನ್ನೆರಡು ಚಿತ್ರಗಳಿದ್ದವು. ಹನ್ನೆರಡೂ ಬೂದು. ಕಪ್ಪು ಜುಬ್ಬಾ ತೊಟ್ಟ ಸಂಘಟಕ ಮರಾಠಿಯಲ್ಲಿ, "ಇದು ಮಹಾನಗರದ ಮೌನ," ಎಂದು ವಿವರಿಸಿದ. ನನ್ನ ಗುಮಾನಿ ಇಮ್ಮಡಿಯಾಯಿತು. ಮಾಮಾನನ್ನು ಮೂಲೆಗೆ ಕರೆದೆ.

"ಖರೇ ಹೇಳ್ರಿ ಮಾಮಾ, ಇದು ಏನ್ರಿ?"

"ಬಾಗಿಲಾ. ಕಾರಿನ ಬಾಗಿಲಾ."

"ಅಂವ ಮೌನ ಅಂತಾನಲ್ರಿ?"

"ಅಂವ ಕಾರ್ಖಾನಿ ನೋಡಿಲ್ಲ. ಅಲ್ಲಿ ಭಾಳ ಗದ್ಲ."

ನಗು ಬಂತು, ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ಮಾಮಾನ ಹಳೆಯ ಸಹೋದ್ಯೋಗಿಯೊಬ್ಬರು ಹೆಂಡತಿಯೊಂದಿಗೆ ಬಂದರು. ಬಣ್ಣ ಸಿಂಪಡಿಸುತ್ತಿದ್ದವರು. ಅವರು ಚಿತ್ರಗಳನ್ನು ಎದುರಿನಿಂದ ನೋಡಲೇ ಇಲ್ಲ. ಮೂರನೆಯದರ ಪಕ್ಕ ಮೊಳಕಾಲೂರಿ, ಬೆಳಕಿಗೆ ಓರೆಯಾಗಿ ಕಣ್ಣು ಹಾಯಿಸಿದರು. ಬೆರಳು ಬಣ್ಣದಲ್ಲಿನ ಹನಿಯಾಕಾರದ ಒಂದು ಕಲೆಯ ಮೇಲೆ ನಿಂತಿತು.

"ಇದು ನನ್ನ ಬೆವರಿನ ಹನಿ," ಎಂದರು ಮರಾಠಿಯಲ್ಲಿ. "ಹಸಿ ಬಣ್ಣದ ಮೇಲೆ ಬಿದ್ದಿತ್ತು. ನೀವು ಬಾಗಿಲು ವಾಪಸ್ ಕಳಿಸಿದ್ದಿರಿ."

"ಹೌದು. ಮೇಲಿನವರಿಗೆ ನಿಮ್ಮ ಹೆಸರೂ ಬರೆದುಕೊಟ್ಟಿದ್ದೆ," ಎಂದರು ಮಾಮಾ. ಅವರ ದನಿ ಇಳಿದಿತ್ತು.

ಆ ಮನುಷ್ಯ ಸಿಟ್ಟಾಗಲಿಲ್ಲ. ಹೆಂಡತಿಯನ್ನು ಕರೆದು, "ನೋಡೇ, ನನ್ನದನ್ನು ಗೋಡೆಗೆ ಹಾಕಿದ್ದಾರೆ," ಎಂದು ತೋರಿಸಿದರು. ಮಾಮಾ ಕಿಟಕಿಯ ಕಡೆ ತಿರುಗಿ ನಿಂತರು.

ಅಕ್ಕ ನನ್ನ ಬಳಿ ಸರಿದು ಪಿಸುಗುಟ್ಟಿದಳು: "ಮೋಸ ಅದ ಏನು?"

"ಮಾಮಾಂದು ಮೋಸ ಅಲ್ಲ. ಆ ಜುಬ್ಬಾದವನ ಮ್ಯಾಲ ನನಗಿನ್ನೂ ನಂಬಿಕಿ ಇಲ್ಲ."

"ಮತ್ತ, ಇದು ಚಿತ್ರ ಹೌದೇನು?"

ನಾನು ಮತ್ತೆ ಆ ಹನಿಯ ಕಡೆ ನೋಡಿದೆ. ಹಾಳೆಯ ಮೇಲೆ ಬಣ್ಣ ತೊಟ್ಟಿಕ್ಕಿಸಿದ ಎಷ್ಟು ಮಕ್ಕಳಿಗೆ ನಾನು ಅಂಕ ಕಳೆದಿದ್ದೆನೋ.

ಮರುದಿನ ಶಾಲೆ ಇದ್ದುದರಿಂದ ಸಂಜೆಯ ಬಸ್ಸೇ ಹಿಡಿಯಬೇಕಿತ್ತು. ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ತಿರುಗಿ ನೋಡಿದೆ. ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಕ್ಕ ಸೆರಗು ಬಿಗಿದು ಮೂರನೆಯ ಚಿತ್ರದ ಪಕ್ಕ ಮೊಳಕಾಲೂರುತ್ತಿದ್ದಳು.