ಒರ್ನೆಲಾಳ ಹಸಿರು ಗುಂಡಿ

ರಫಾಯೆಲಾ ಎಂಬ ಊರಿನಲ್ಲಿ ಹಾಲು ಕರೆಯುವ ಯಂತ್ರಗಳಿಗೆ ಎಲೆಕ್ಟ್ರಾನಿಕ್ ಬೋರ್ಡ್ ಮಾಡುವ ಒಂದು ಸಣ್ಣ ಕಾರ್ಖಾನೆಯಿತ್ತು. ಅಲ್ಲಿ ಬೋರ್ಡಿನ ಚಿಪ್‌ಗಳಿಗೆ ಪ್ರೋಗ್ರಾಂ ಬರೆಯುತ್ತಿದ್ದವಳು ಒರ್ನೆಲಾ ಬೆರ್ತೋನಾ. ಅದನ್ನು ಒಂದೊಂದು ಬೋರ್ಡಿಗೂ ತುಂಬುವ ಕೆಲಸ ಅವಳಪ್ಪನ ವಯಸ್ಸಿನ ಇರಿನೇಯೊನದು. ಚಿಪ್‌ಗೆ ತಾಳ ಕೊಡಲು ಬೋರ್ಡಿನ ಮೇಲೆ ಮಿಡಿಯುವ ಹರಳು ಎಷ್ಟು ವೇಗದ್ದು, ಅದಕ್ಕೆ ಚಿಪ್‌ನ ಗಡಿಯಾರವನ್ನು ಹೇಗೆ ಹೊಂದಿಸಬೇಕು ಎಂದು ಕಂಪ್ಯೂಟರ್ ಪರದೆ ಒಂದರ ಮೇಲೊಂದು ಪ್ರಶ್ನೆ ಕೇಳುತ್ತಿತ್ತು. ಅವನು ಕನ್ನಡಕ ಏರಿಸಿ ಇಳಿಸಿ ಸುಸ್ತಾಗುತ್ತಿದ್ದ. ಅದನ್ನು ನೋಡಲಾರದೆ ಒರ್ನೆಲಾ ಪ್ರಶ್ನೆಗಳನ್ನೆಲ್ಲ ತೆಗೆದುಹಾಕಿ, ಹರಳಿನ ವೇಗವನ್ನು ತಾನೇ ಒಳಗೆ ಬರೆದಿಟ್ಟು, ಪರದೆಯ ಮೇಲೆ ಒಂದೇ ಒಂದು ಹಸಿರು ಗುಂಡಿ ಉಳಿಸಿದಳು. ಒತ್ತಿದರೆ ಮುಗಿಯಿತು. ಇರಿನೇಯೊ ಬೇಕರಿಯಿಂದ ಸಿಹಿ ಬನ್ನು ತಂದು ಎಲ್ಲರಿಗೂ ಹಂಚಿದ. ಒರ್ನೆಲಾ ಸ್ವಲ್ಪ ಬೀಗಿದಳು ಅನ್ನಿ.

ಚಳಿಗಾಲದಲ್ಲಿ ಮಾಮೂಲಿ ಹರಳು ಸಿಗದೆ, ಎರಡರಷ್ಟು ವೇಗದ ಹರಳಿದ್ದ ಬೋರ್ಡುಗಳು ಬಂದವು. ಅವಳಿಗೆ ಹೇಳಿಯೂ ಇದ್ದರು. ತಲೆಯಾಡಿಸಿದವಳು ಒಳಗೆ ಬರೆದಿಟ್ಟ ವೇಗವನ್ನು ತಿದ್ದಲು ಬೇರೆ ಕೆಲಸದಲ್ಲಿ ಮರೆತೇಬಿಟ್ಟಳು.

ಸ್ವಲ್ಪ ದಿನಕ್ಕೆ ಹಸು ಸಾಕಿದ್ದ ದೆಲ್ಮಿರಾ ಎಂಬ ಹೆಂಗಸು ಫೋನ್ ಮಾಡಿ, ಹೊಸ ಬೋರ್ಡ್ ಹಾಕಿದಾಗಿನಿಂದ ಹಸುಗಳು ಒದೆಯುತ್ತವೆ, ಹಾಲು ಸೊರೆ ಬಿಡುವುದಿಲ್ಲ ಎಂದು ದೂರಿದಳು. ಹಾಲಿನ ನಳಿಗೆ ಸರಿಯಾಗಿ ತೊಳೆಯುತ್ತಿಲ್ಲವೇನೋ, ತೊಳೆಯಿರಿ ಎಂದು ಹೇಳಿ ಒರ್ನೆಲಾ ಫೋನ್ ಇಟ್ಟಳು. ಮತ್ತೆ ಕರೆ ಬಂದಾಗ ಕಾರ್ಖಾನೆಯ ಮಾಲೀಕರು ಅವಳನ್ನೇ ಅಲ್ಲಿಗೆ ಕಳಿಸಿದರು.

ದೆಲ್ಮಿರಾಳ ಕೊಟ್ಟಿಗೆಯಲ್ಲಿ, ಹಸುವಿನ ಮೊಲೆಗೆ ತೊಡಿಸುವ ರಬ್ಬರ್ ಬಟ್ಟಲಿನೊಳಗೆ ಒರ್ನೆಲಾ ಹೆಬ್ಬೆರಳಿಟ್ಟು ನೋಡಿದಳು. ನಿಧಾನವಾಗಿ ಹಿಂಡಿ ಬಿಡಬೇಕಾದ ರಬ್ಬರು ಪಟಪಟನೆ ಬಡಿಯುತ್ತಿತ್ತು. ಎರಡರಷ್ಟು ವೇಗ. ತಾನು ಮರೆತಿದ್ದ ಹರಳು ಆ ಕ್ಷಣವೇ ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಪಕ್ಕದ ಹಸುವಿನ ಮೊಲೆ ಕೆಂಪಗೆ ಬಾತುಕೊಂಡಿತ್ತು.

“ನೀನು ತೊಳೀರಿ ಅಂದೆಯಲ್ಲ, ಅವತ್ತಿಂದ ನನ್ನ ಸೊಸೆಗೆ ದಿನಾ ಬೈತಿದೀನಿ,” ಎಂದಳು ದೆಲ್ಮಿರಾ. “ನಿನ್ನೆ ಪಾಪ ಅತ್ತೇಬಿಟ್ಲು.”

ಬೋರ್ಡ್ ಬದಲಾಯಿಸಿಕೊಡುತ್ತೇನೆ ಎಂಬುದಷ್ಟೇ ಒರ್ನೆಲಾಳ ಬಾಯಿಂದ ಹೊರಟಿತು.

ಕಾರ್ಖಾನೆಯ ಗೇಟಿನಲ್ಲಿ ಇರಿನೇಯೊ ಕಾಯುತ್ತಿದ್ದ. “ನಾನೇ ಏನಾದ್ರೂ ತಪ್ಪು ಒತ್ತಿಬಿಟ್ನಾ ಮಗಳೇ? ಈಚೆಗೆ ಕಣ್ಣು ಮಂಜಾಗ್ತಿದೆ ನಂಗೆ.”

“ನೋಡೋಣ,” ಎಂದಳು ಒರ್ನೆಲಾ.

ಆ ಒಂದು ಮಾತನ್ನು ಅವನು ಹೌದೆಂದೇ ತಿಳಿದ. ಮರುದಿನ ಬೆಳಿಗ್ಗೆ ತಾನೇ ಮಾಲೀಕರ ಹತ್ತಿರ ಹೋಗಿ, ತನ್ನಿಂದ ತಪ್ಪಾಗಿದೆ, ತನ್ನನ್ನು ಪ್ಯಾಕಿಂಗಿಗೆ ಹಾಕಿ ಎಂದು ಕೇಳಿಕೊಂಡ. ಅವನು ಮೂಲೆಯಲ್ಲಿ ಕೂತು ರಟ್ಟಿನ ಪೆಟ್ಟಿಗೆ ಮಡಚುತ್ತಿದ್ದುದನ್ನು ಒರ್ನೆಲಾ ನೋಡಿದಳು. ‘ಮಾತೆ’ ಎಂಬ ಎಲೆಯ ಕಷಾಯವನ್ನು ಒಂದೇ ಸೋರೆಬುರುಡೆಯಿಂದ ಸರದಿಯಾಗಿ ಕುಡಿಯಲು ಎಲ್ಲರೂ ಸುತ್ತ ಕೂತಾಗ ಬುರುಡೆ ಅವಳ ಕೈಗೆ ಬಂತು. ಕುಡಿಯದೆ ಕೆಳಗಿಟ್ಟಳು.

“ಇರಿನೇಯೊ ಒತ್ತಿದ್ದು ಸರಿಯಾಗೇ ಇತ್ತು. ಗುಂಡಿ ಮಾಡಿದವಳು ನಾನು. ಹರಳು ಬದಲಾಗಿದ್ದನ್ನ ಒಳಗೆ ತಿದ್ದಲಿಲ್ಲ.”

ಇರಿನೇಯೊ ಅವಳ ಮುಖವನ್ನೇ ನೋಡಿದ. “ನಿನ್ನೆ ನಾನು ಕೇಳ್ದಾಗ ಗೊತ್ತಿತ್ತಾ ನಿಂಗೆ?”

“ಗೊತ್ತಿತ್ತು.”

ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬುರುಡೆ ಎತ್ತಿಕೊಂಡು ಕುಡಿದು, ಮತ್ತೆ ಪೆಟ್ಟಿಗೆಗಳ ಕಡೆ ಹೋದ. ತನ್ನ ಜಾಗಕ್ಕೆ ಮರಳಲು ಅವನಿಗೆ ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಒರ್ನೆಲಾ ಗುಂಡಿಯನ್ನು ತಿದ್ದಿದ್ದಳು. ಈಗ ಒತ್ತಿದರೆ, ಚಿಪ್‌ನೊಳಗೇ ಇರುವ ಅಂದಾಜಿನ ಗಡಿಯಾರಕ್ಕೆ ಹೋಲಿಸಿ ಅದು ಮೊದಲು ಹರಳನ್ನು ಅಳೆಯುತ್ತದೆ, ತಾಳೆಯಾಗದಿದ್ದರೆ ಪ್ರೋಗ್ರಾಂ ತುಂಬುವುದೇ ಇಲ್ಲ.

ಬೋರ್ಡ್ ಬದಲಾಯಿಸಲು ಹೋದಾಗ ಅವಳು ಮೊದಲು ದೆಲ್ಮಿರಾಳ ಅಡುಗೆಮನೆಗೆ ಹೋದಳು. ಸೊಸೆ ಸುಲೇಮಾ ಆಲೂಗಡ್ಡೆ ಸುಲಿಯುತ್ತಿದ್ದಳು. ನಳಿಗೆಯಲ್ಲಿ ಕೊಳೆ ಇರಲಿಲ್ಲ, ತಪ್ಪು ತನ್ನದೇ ಎಂದು ಒರ್ನೆಲಾ ತಲೆ ತಗ್ಗಿಸಿ ಹೇಳಿದಳು.

ಸುಲೇಮಾ ಕತ್ತೆತ್ತಲಿಲ್ಲ. “ಕೊಳೆ ಇಲ್ಲ ಅಂತ ನಂಗೆ ಗೊತ್ತಿಲ್ವಾ? ಅದನ್ನ ಹೋಗಿ ಅತ್ತೆಗೆ ಹೇಳು. ಕೊಟ್ಟಿಗೆ ಆಳುಗಳಿಗೂ ಕೇಳಿಸ್ಬೇಕು.”

ಒರ್ನೆಲಾ ಕೊಟ್ಟಿಗೆಗೆ ನಡೆದಳು. ಯಂತ್ರದ ಸದ್ದು ಜೋರಾಗಿತ್ತು. ಹೇಳಿದ್ದನ್ನೇ ಅವಳು ಎರಡು ಸಲ ಕೂಗಿ ಹೇಳಬೇಕಾಯಿತು.