ಎಪ್ಪತ್ತು ಹೆಜ್ಜೆ

ಮಗ್ಗದ ಅಜ್ಜಿಯ ಪಾದಗಳು ಅವರ ಮುಖಕ್ಕಿಂತ ಬೆಳ್ಳಗಿದ್ದವು. ಮೊಳಕಾಲ್ಮೂರಿನ ಬಿಸಿಲಿಗೆ ಎಲ್ಲರ ಕಾಲೂ ಕಪ್ಪಾಗಿ ಒಡೆದಿರುತ್ತವೆ. ಅಜ್ಜಿಯವು ಮಾತ್ರ ಮೆತ್ತಗೆ, ತಣ್ಣಗೆ, ಇನ್ನೂ ನಡೆಯಲು ಕಲಿಯದ ಮಗುವಿನ ಪಾದಗಳ ಹಾಗಿದ್ದವು. ಐವತ್ತು ವರ್ಷ ಅವು ಗುಂಡಿ ಮಗ್ಗದೊಳಗೆ, ನೆಲಕ್ಕಿಂತ ಕೆಳಗಿನ ನೆರಳಿನಲ್ಲಿ, ಕಾಲುಮಣೆ ತುಳಿಯುತ್ತ ಇದ್ದವು. ಅಜ್ಜಿ ಸೊಂಟದಿಂದ ಮೇಲೆ ನಮ್ಮ ಜೊತೆಗಿದ್ದರು; ಕೆಳಗೆ ಇನ್ನೆಲ್ಲೋ ಇದ್ದರು.

ನಾನು ಚಳ್ಳಕೆರೆಯವಳು. ಮೊಳಕಾಲ್ಮೂರಿನ ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದು, ಜೂನ್ 3ರಂದು ಅಜ್ಜಿಯ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಸೇರಿದೆ. ತಾರೀಖು ಡೈರಿಯಲ್ಲಿದೆ. ಬಸ್ಸು ಎಷ್ಟು ನಿಮಿಷ ತಡವಾಯಿತು, ತರಗತಿಗೆ ಎಷ್ಟು ಮಕ್ಕಳು ಬರಲಿಲ್ಲ, ನಲ್ಲಿಯಲ್ಲಿ ನೀರು ಬಂದು ಎಷ್ಟು ದಿನವಾಯಿತು, ಎಲ್ಲ ಅದರಲ್ಲಿದೆ. ಅಜ್ಜಿಗೆ ಇದೊಂದು ತಮಾಷೆ.

"ಏನಮ್ಮಾ ಟೀಚರಮ್ಮಾ, ಎಲ್ಲಾ ಬರ್ಕಂತೀಯ. ಇವತ್ತು ಎಷ್ಟು ಸಲ ನಕ್ಕೆ, ಅದನ್ನ ಬರ್ದೀಯಾ?"

"ಇಲ್ಲ ಅಜ್ಜಿ."

"ಬಿಡು, ಸೊನ್ನೆ ಹಾಕಾಕೆ ಜಾಗ ದಂಡ."

ಹಾಗೆ ನೋಡಿದರೆ ಅವರೂ ದಿನವಿಡೀ ಎಣಿಸುತ್ತಲೇ ಇದ್ದರು. ಸೀರೆಯ ಮೇಲಿನ ಒಂದು ಬುಟ್ಟಾ ಹೂವಿನಿಂದ ಇನ್ನೊಂದಕ್ಕೆ ಎಷ್ಟು ಎಳೆ ಎಂಬುದನ್ನು ತುಟಿ ಅಲುಗಿಸುತ್ತ ತೆಲುಗಿನಲ್ಲಿ ಎಣಿಸುವರು. ನಡುವೆ ಯಾರಾದರೂ ಮಾತಾಡಿಸಿದರೆ ಬಾಯಿ ತೆರೆಯದೆ ಎಡಗೈಯ ತೋರುಬೆರಳು ಎತ್ತುವರು. ಆ ಬೆರಳು ಇಳಿಯುವ ತನಕ ಮನೆಯಲ್ಲಿ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಬಾಡಿಗೆಗಿದ್ದ ನಾನೂ ಸೇರಿ.

ಸಿದ್ದಾಪುರದ ಹತ್ತಿರ ಬ್ರಹ್ಮಗಿರಿ ಬೆಟ್ಟದ ಬುಡದಲ್ಲಿ ಅಶೋಕನ ಶಾಸನದ ಬಂಡೆಯಿದೆ. ಅಜ್ಜಿಯ ಬಾಯಲ್ಲಿ ಅದು ಅಕ್ಷರದ ಬಂಡೆ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಎಂದು ಒಂದು ಸಂಜೆ ನಾನು ಹೇಳಿದಾಗ, ಎಳೆಗಳ ನಡುವೆ ಓಡುತ್ತಿದ್ದ ಅಜ್ಜಿಯ ಲಾಳಿ ನಿಂತಿತು.

"ನಮ್ಮಪ್ಪ ಅಲ್ಲಿ ನೆಲ ಅಗೆದಾನೆ," ಅಂದರು.

ರೇಷ್ಮೆ ನೂಲು ಸಿಗದೆ ಊರಿನ ಮಗ್ಗಗಳೆಲ್ಲ ನಿಂತ ಒಂದು ಕಾಲದಲ್ಲಿ, ಬಂಡೆಯ ಸುತ್ತಲಿದ್ದ ಪುರಾತನ ಊರನ್ನು ಹುಡುಕಿ ಅಗೆಸುತ್ತಿದ್ದವರ ಬಳಿ ಅಜ್ಜಿಯ ತಂದೆ ಕೂಲಿಗೆ ಹೋಗಿದ್ದರಂತೆ. ಆಗ ಅವರಿಗಿನ್ನೂ ಮದುವೆಯಾಗಿರಲಿಲ್ಲ. ಮಡಕೆ, ಮಣಿ, ಮೂಳೆ ಏನೇನೋ ಮೇಲೆ ಬಂದವು. ಎಲ್ಲವನ್ನೂ ಅಳೆದು ಬರೆದುಕೊಂಡ ಮೇಲೆ, ಅಗೆದವರ ಕೈಯಲ್ಲೇ ಗುಂಡಿಗಳನ್ನು ಮುಚ್ಚಿಸಿದರು. ಕೊನೆಯ ದಿನ ಅಜ್ಜಿಯ ತಂದೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ತಮ್ಮ ಲಾಳಿಯನ್ನು ಯಾರೂ ನೋಡದ ಹಾಗೆ ಗುಂಡಿಯೊಳಗೆ ಹಾಕಿ ಮೇಲೆ ಮಣ್ಣು ಎಳೆದರು.

"'ಮಡಕೆ ಮಾಡೋರಿದ್ರು ಅಂತ ಇವರಿಗೆ ಗೊತ್ತಾತು. ಮುಂದೆ ಯಾರಾದ್ರೂ ಅಗೆದ್ರೆ ನೇಯೋರೂ ಇದ್ರು ಅಂತ ಗೊತ್ತಾಗ್ಲಿ' ಅಂತಿದ್ದ ನಮ್ಮಪ್ಪ. ಬಂಡೆಗೆ ಬೆನ್ನು ಕೊಟ್ಟು ನಿಂತ್ಕಂಡು ಎಡಕ್ಕೆ ಎಪ್ಪತ್ತು ಹೆಜ್ಜೆ. ಅಲ್ಲೈತೆ."

"ನೀವು ಹೋಗಿದೀರಾ ಅಜ್ಜಿ?"

"ಕರ್ಕಂಡು ಹೋಗ್ತೀನಿ ಅಂತಿದ್ದ. ಅವನ ಮಗ್ಗ ಬಿಡ್ಲಿಲ್ಲ. ಆಮೇಲೆ ನನ್ನ ಮಗ್ಗ ಬಿಡ್ಲಿಲ್ಲ." ಲಾಳಿಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದರು, "ನೋಡೋಕೇನೈತೆ, ಮಣ್ಣು. ಅದರ ಮೇಲೆ ಒಂದು ಗಂಟೆ ಕೂತ್ಕಂಡು ಬಂದ್ರೆ ಸಾಕು."

"ಎಪ್ಪತ್ತು ಯಾರ ಹೆಜ್ಜೆ?" ಎಂದೆ. ಗಣಿತದ ಟೀಚರಿಗೆ ಬೇರೆ ಏನು ಹೊಳೆದೀತು?

"ನಮ್ಮಪ್ಪಂದು. ಅವನೂ ನನ್ನಂಗೇ ಕುಳ್ಳ. ನನ್ನ ಹೆಜ್ಜೆ ಹಾಕಿದ್ರೆ ಸರಿಯಾಗ್ತೈತೆ. ನಿನ್ನ ಒಂಟೆ ಹೆಜ್ಜೆ ಹಾಕಿದ್ರೆ ಇಬ್ರೂ ಆಂಧ್ರಕ್ಕೆ ಹೋಗಿ ನಿಲ್ತೀವಿ."

ಅಂದೇ ಒಂದು ಪುಟದ ಯೋಜನೆ ಬರೆದೆ. 7.45ಕ್ಕೆ ಮನೆ ಬಿಡುವುದು. ಬಸ್ ನಿಲ್ದಾಣಕ್ಕೆ ಅಜ್ಜಿಯ ಲೆಕ್ಕದಲ್ಲಿ ಎಂಟುನೂರ ಮೂವತ್ತು ಹೆಜ್ಜೆ, ಎರಡು ಕಡೆ ಕೂತು ಸುಧಾರಿಸಿಕೊಳ್ಳುವುದು. ಈ ಲೆಕ್ಕಕ್ಕಾಗಿ ಅವರನ್ನು ಅಂಗಳದಲ್ಲಿ ನಡೆಸಿ ಅಳತೆ ಪಟ್ಟಿ ಹಿಡಿದಿದ್ದೆ: ಹೆಜ್ಜೆಗೆ ಒಂದೂವರೆ ಅಡಿ. "ನನ್ನ ಸೀರೆ ಅಳೆಯೋರು ಊರ ತುಂಬಾ ಅವ್ರೆ. ಕಾಲು ಅಳೆದೋಳು ನೀನೊಬ್ಳೇ," ಎಂದು ನಕ್ಕರು. 8.20ರ ಬಸ್ಸು. ಸಿದ್ದಾಪುರದಿಂದ ಆಟೋ. ಬುತ್ತಿಗೆ ಮೊಸರನ್ನ. ಬಂಡೆಯ ಬಳಿ ಒಂದು ಗಂಟೆ. ಮಧ್ಯಾಹ್ನಕ್ಕೆ ಮನೆ.

ಮೊದಲ ದಿನಾಂಕವನ್ನು ಜಾಣತನದಿಂದಲೇ ಆರಿಸಿದ್ದೆ. ಅಮಾವಾಸ್ಯೆಯಂದು ಆ ಮನೆಯಲ್ಲಿ ಮಗ್ಗ ಮುಟ್ಟುವುದಿಲ್ಲ, ಅಜ್ಜಿಗೆ ತಿಂಗಳಿಗೆ ಅದೊಂದೇ ರಜೆ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದರೆ ಅವರು ಸೊಪ್ಪು ಬಿಡಿಸುತ್ತ ಕೂತಿದ್ದರು.

"ಅಮಾಸೆ ದಿನ ಯಾರಾದ್ರೂ ಊರು ದಾಟ್ತಾರೇನಮ್ಮಾ? ಚಳ್ಳಕೆರ್ಯಾಗೆ ಇದೆಲ್ಲ ಇಲ್ವಾ?"

"ಮತ್ತೆ ನಿನ್ನೆ ಯಾಕೆ ಹೂಂ ಅಂದ್ರಿ?"

"ಅಷ್ಟು ಚೆಂದಾಗಿ ಬರ್ಕಂಡಿದ್ದೆ. ಹೆಂಗೆ ಬ್ಯಾಡ ಅನ್ಲಿ?"

ಉಳಿದ ದಿನಗಳಿಗೂ ಅವರದೇ ಕಟ್ಟಳೆಗಳಿದ್ದವು. ಸೀರೆ ಅರ್ಧಕ್ಕೆ ಬಿಟ್ಟು ಊರು ದಾಟಬಾರದು. ಸೀರೆ ಮುಗಿಯಿತೋ, ಮಗ್ಗ ಬರಿದಾಗಿ ನಿಲ್ಲಬಾರದೆಂದು ಆ ಗಳಿಗೆಯಲ್ಲೇ ಮುಂದಿನದಕ್ಕೆ ಕೈಹಚ್ಚಬೇಕು. ಇದನ್ನು ನಾನು ಕಾಗದದ ಮೇಲೆ ಬಿಡಿಸಿ ನೋಡಿದೆ. ಅಜ್ಜಿ ಹೊರಡಬಹುದಾದ ದಿನವೇ ಅದರಲ್ಲಿ ಇರಲಿಲ್ಲ.

"ನಮ್ಮತ್ತೆಗೆ ಬಿಡುವು ಸಿಗಬೇಕಂದ್ರೆ ಕ್ಯಾಲೆಂಡರ್‌ನಾಗೆ ಇನ್ನೊಂದು ವಾರ ಹುಟ್ಟಬೇಕು ಟೀಚರ್," ಎಂದು ಸೊಸೆ ಅಡುಗೆಮನೆಯಿಂದ ಕೂಗಿದರು.

ತಂದೆ ತಾಯಿಯ ಮಾತು ಕೇಳಬೇಕು, ಸತ್ಯ ಹೇಳಬೇಕು ಎಂದೆಲ್ಲ ಆ ಬಂಡೆಯ ಮೇಲೆ ಬರೆದಿದೆ ಎಂದು ನಾನು ಅಜ್ಜಿಗೆ ಹೇಳಿದ್ದೆ. ಅವರು ಅಡುಗೆಮನೆಯ ಕಡೆಗೆ ದನಿ ಎತ್ತಿ, "ಅತ್ತೆ ಮಾತು ಕೇಳ್ಬೇಕು ಅಂತ ಬರ್ಸೋದು ಮರ್ತ ನೋಡು ಆ ರಾಜ!" ಅಂದರು.

ಪ್ರತಿ ಸಲ ತಪ್ಪಿದಾಗಲೂ ಅಜ್ಜಿಯದು ಎರಡೇ ಮಾತು. "ಪೋನೀಲೇಮ್ಮಾ. ಬಂಡೆ ಎಲ್ಲಿಗೆ ಹೋಗ್ತೈತೆ?" ಹೋಗಲಿ ಬಿಡಮ್ಮ ಎನ್ನುವುದನ್ನು ಅವರು ತೆಲುಗಿನಲ್ಲೇ ಹೇಳುತ್ತಿದ್ದರು. ಡೈರಿಯ ಕೊನೆಯ ಪುಟದಲ್ಲಿ ದಿನಾಂಕ, ತಪ್ಪಿದ ಕಾರಣ ಎಂದು ಗೆರೆ ಎಳೆದು ಬರೆಯುತ್ತ ಬಂದೆ. ಒಂದು ವರ್ಷ ಎಂಟು ತಿಂಗಳಲ್ಲಿ ಒಂಬತ್ತು ಸಾಲು.

ಫೆಬ್ರುವರಿ 8, ಶನಿವಾರ ಸಂಜೆ, ಅಜ್ಜಿಯೇ ನನ್ನ ಬಾಗಿಲಿಗೆ ಬಂದರು.

"ನಾಳೆ ಹೋಗಾಣ."

"ಸೀರೆ ಅರ್ಧ ಐತಲ್ಲ ಅಜ್ಜಿ?"

"ಇರ್ಲಿ. ಈಗೀಗ ಎಣಿಕೆ ತಪ್ತಾ ಐತೆ."

ಮಾರನೆಯ ಬೆಳಿಗ್ಗೆ ಏಳಕ್ಕೇ ಅವರು ಜಗುಲಿಯ ಮೇಲೆ ಕೂತಿದ್ದರು. ಮಗ್ಗದ ಮೇಲೆ ಒಗೆದ ಬಿಳಿ ದುಪ್ಪಟಿ ಹೊದಿಸಿದ್ದರು. ಕಾಲಲ್ಲಿ ಹೊಸ ಚಪ್ಪಲಿ, ಅದರೊಳಗೆ ಆ ಬೆಳ್ಳನೆಯ ಪಾದಗಳು. ಅಷ್ಟರಲ್ಲಿ ನನ್ನ ಫೋನಿಗೆ ಮೆಸೇಜ್ ಬಂತು: ಪರೀಕ್ಷೆಯ ಕೆಲಸದ ಸಭೆ, ಹತ್ತಕ್ಕೆ ಚಳ್ಳಕೆರೆಯಲ್ಲಿ. ಆಗುವುದಿಲ್ಲ ಎಂದು ಒಂದು ಮಾತು ತಿಳಿಸಬಹುದಿತ್ತು. ನನ್ನ ಜೊತೆಯ ಟೀಚರೊಬ್ಬರು ತಿಳಿಸಿಯೂ ಇದ್ದರು, ಅವರಿಗೇನೂ ಆಗಲಿಲ್ಲ. ಆದರೆ ಕೆಲಸಕ್ಕೆ ಸೇರಿದಂದಿನಿಂದ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಒಂದು ಮನೆಯೂ ಖಾಲಿ ಇರಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

"ಅಜ್ಜಿ, ಮುಂದಿನ ಭಾನುವಾರ ಖಂಡಿತ," ಎಂದೆ.

"ಪೋನೀಲೇಮ್ಮಾ," ಅಂದರು. ಬಂಡೆಯ ಮಾತು ಹೇಳಲಿಲ್ಲ. ಚಪ್ಪಲಿಗಳನ್ನು ಒಂದೊಂದಾಗಿ ಬಿಚ್ಚಿ ಗೋಡೆಗೆ ಒರಗಿಸಿಟ್ಟು ಒಳಗೆ ಹೋದರು. ನಾನು ಬೀದಿಯ ತಿರುವು ದಾಟುವ ತನಕ ಮಗ್ಗದ ಸದ್ದು ಕೇಳುತ್ತಿತ್ತು.

ಮುಂದಿನ ಭಾನುವಾರ ಅವರಿಗೆ ಜ್ವರ. ಅದರ ಮುಂದಿನ ಭಾನುವಾರ ಏಳಲಾರದಷ್ಟು ನಿಶ್ಶಕ್ತಿ. ಆ ಎರಡು ಭಾನುವಾರಗಳಿಗೆ ನಾನು ಡೈರಿಯಲ್ಲಿ ಸಾಲು ಎಳೆಯಲಿಲ್ಲ. ಮಾರ್ಚ್ 4ರಂದು ಹೋಗಿಬಿಟ್ಟರು. ಮಗ್ಗದ ಮೇಲಿದ್ದ ಸೀರೆಯನ್ನು ಸೊಸೆ ಮುಗಿಸಿದರು. ಕೈ ಬದಲಾದ ಜಾಗ ಎಲ್ಲಿ ಎಂದು ನಾನು ಕೇಳಿದಾಗ ಬೆರಳಿಟ್ಟು ತೋರಿಸಿದರು. ನನಗೆ ಏನೂ ಕಾಣಲಿಲ್ಲ. ಅವರಿಗೆ ಕಾಣುತ್ತಿತ್ತು.

ಮಾರ್ಚ್ 18, ಮಂಗಳವಾರ, ಶಾಲೆಗೆ ರಜೆ ಹಾಕಿದೆ. ಪುಟದಲ್ಲಿದ್ದ ಹಾಗೆಯೇ 7.45ಕ್ಕೆ ಮನೆ ಬಿಟ್ಟೆ. ಅಜ್ಜಿ ಕೂರಬೇಕಿದ್ದ ಎರಡೂ ಕಡೆ ಕೂತೆ. ಬುತ್ತಿಗೆ ಮೊಸರನ್ನ ಕಟ್ಟಿಕೊಂಡಿದ್ದೆ. ಬಂಡೆಯ ಮೇಲಿನ ಅಕ್ಷರಗಳನ್ನು ನೋಡಿದೆ. ಓದಲು ನನಗೂ ಬರುವುದಿಲ್ಲ. ಆಮೇಲೆ ಬಂಡೆಗೆ ಬೆನ್ನು ಕೊಟ್ಟು ನಿಂತು ಎಡಕ್ಕೆ ತಿರುಗಿದೆ. ಒಂದೂವರೆ ಅಡಿಯ ಹೆಜ್ಜೆ ಹಾಕುವುದು ನನ್ನಂಥ ಉದ್ದ ಕಾಲಿನವಳಿಗೆ ಕಷ್ಟ. ಸೀರೆ ನೆರಿಗೆಯನ್ನು ಬಿಗಿ ಹಿಡಿದು ನಿಧಾನ ನಡೆದೆ.

ನಲವತ್ತರ ಹತ್ತಿರ, ಕುರಿ ಮೇಯಿಸುತ್ತಿದ್ದವರೊಬ್ಬರು ನನ್ನನ್ನೇ ನೋಡುತ್ತ ನಿಂತರು.

"ಏನ್ ಕಳ್ಕಂಡ್ರಿ ಮೇಡಂ?"

ನಾನು ಬಾಯಿ ತೆರೆಯಲಿಲ್ಲ. ಎಡಗೈಯ ತೋರುಬೆರಳು ತಾನಾಗಿ ಮೇಲೆದ್ದಿತ್ತು. ಅದು ಇಳಿಯುವ ತನಕ ಅವರು ನಿಂತಲ್ಲೇ ನಿಂತರು.

ಎಪ್ಪತ್ತನೆಯ ಹೆಜ್ಜೆಯಲ್ಲಿ ಒಣ ಹುಲ್ಲು, ಸಣ್ಣ ಕಲ್ಲು, ಒಂದು ಜಾಲಿ ಗಿಡವಿತ್ತು. ಚಪ್ಪಲಿ ಬಿಟ್ಟು ಕೂತೆ. ನೆಲ ಸುಡುತ್ತಿತ್ತು. ಅಜ್ಜಿಯ ಪಾದಗಳಾಗಿದ್ದರೆ ತಡೆಯುತ್ತಿರಲಿಲ್ಲ ಅನ್ನಿಸಿ, ಬುತ್ತಿ ಸುತ್ತಿ ತಂದಿದ್ದ ಟವೆಲನ್ನು ಪಕ್ಕದಲ್ಲಿ, ಒಬ್ಬರು ಕಾಲು ಚಾಚುವಷ್ಟು ಹಾಸಿದೆ. ಗಡಿಯಾರ ನೋಡಿಕೊಂಡು ಸರಿಯಾಗಿ ಒಂದು ಗಂಟೆ ಕೂತೆ.

ಆ ದಿನ ನನ್ನ ಹಾಜರಿಯಲ್ಲಿ ಒಂದು ಮನೆ ಖಾಲಿಯಿದೆ. ಡೈರಿಯ ಕೊನೆಯ ಪುಟದಲ್ಲಿ ಹತ್ತನೆಯ ಸಾಲಿನ ಕಾರಣ, "ನಾನು". ಹನ್ನೊಂದನೆಯದಕ್ಕೆ ಕಾರಣ ಬರೆಯುವ ಅಗತ್ಯ ಬೀಳಲಿಲ್ಲ. ಆ ಜಾಗದಲ್ಲಿ ಹೀಗೆ ಬರೆದಿದ್ದೇನೆ: "ಎಪ್ಪತ್ತು ಹೆಜ್ಜೆ. ಅಜ್ಜಿಯವು."